ಊದಿದರೆ ಮಾತ್ರ ತೆರೆಯುವ ಕಂಡಿ

ಮಾಜ್ದಾದ 13ಬಿ ರೋಟರಿ ಎಂಜಿನ್ನಿಗೆ ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ; ಬಿಗುಮಾನಕ್ಕೆ ಮಾತ್ರ ಕಡಿಮೆಯಿಲ್ಲ. 1986ರ ಟರ್ಬೊ ಇಲ್ಲದ ಆರ್‌ಎಕ್ಸ್-7 ಕಾರಿನಲ್ಲಿ ಗಾಳಿ ಒಳಬರಲು ಆರು ಕಂಡಿಗಳು. ಅವುಗಳಲ್ಲಿ ಎರಡು ತೆರೆಯುವುದು ಸುಮಾರು 3,800 ಆರ್‌ಪಿಎಂ ದಾಟಿದ ಮೇಲೆ, ಅದೂ ಎಕ್ಸಾಸ್ಟಿನ ಹೊಗೆ ಒತ್ತಿ ತಳ್ಳಿದರೆ.

ಯಜಮಾನರು ಪವರ್ ಹೆಚ್ಚಲೆಂದು ದಪ್ಪ ಎಕ್ಸಾಸ್ಟ್ ಹಾಕಿಸುತ್ತಾರೆ. ಸದ್ದು ಊರಿಗೆಲ್ಲ ಕೇಳುತ್ತದೆ. ಆದರೆ ಹೊಗೆ ಸಲೀಸಾಗಿ ಹೊರಟುಹೋಗಿ ಒತ್ತಡ ಇಳಿಯುತ್ತದೆ, ಕಂಡಿಗಳು ಮುಚ್ಚಿಕೊಂಡೇ ಇರುತ್ತವೆ. ಕೆಲವರು ಸಿಟ್ಟಿಗೆದ್ದು ತಂತಿ ಬಿಗಿದು ಅವನ್ನು ಸದಾ ತೆರೆದಿಡುತ್ತಾರೆ. ಆಗ ಸಿಗ್ನಲ್ಲಿನಲ್ಲಿ ಹೊರಡುವಾಗ ಗಾಡಿ ಏಳುವುದೇ ಇಲ್ಲ.

1989ರಲ್ಲಿ ಕಂಪನಿ ಕಂಡಿ ತೆರೆಯುವ ಕೆಲಸವನ್ನು ಬೆಲ್ಟಿನಿಂದ ತಿರುಗುವ ಏರ್ ಪಂಪಿಗೆ ವಹಿಸಿತು. ಅದನ್ನೂ ದಂಡದ ಭಾರವೆಂದು ಬಿಚ್ಚಿ ಎಸೆದ ಮಹನೀಯರಿದ್ದಾರೆ!

ಎಸೆದಾದ ಮೇಲೆ ಪುಟ್ಟ ಎಲೆಕ್ಟ್ರಿಕ್ ಪಂಪು, ರಿಲೇ, ಆರ್‌ಪಿಎಂ ಸ್ವಿಚ್ಚು, ರಬ್ಬರ್ ಪೈಪು ಕೊಂಡು ತರುತ್ತಾರೆ. 3,800 ದಾಟಿತೋ, ಪಂಪು ಗುರ್ರೆನ್ನುತ್ತದೆ, ಅದರ ಗಾಳಿಯ ಒತ್ತಡಕ್ಕೆ ಆಕ್ಚುಯೇಟರಿನ ಕಡ್ಡಿ ಸರಿಯುತ್ತದೆ, ಕಂಡಿಯೊಳಗಿನ ಸ್ಲೀವ್ ತಿರುಗುತ್ತದೆ. ಮಸಿ ಕಟ್ಟಿ ಸ್ಲೀವೇ ಹಿಡಿದುಕೊಂಡಿದ್ದರೆ ಪಂಪು ಎಷ್ಟು ಊದಿದರೂ ಅಷ್ಟೇ. ಮೊದಲು ಮ್ಯಾನಿಫೋಲ್ಡ್ ಬಿಚ್ಚಿ ಕೂತು ಉಜ್ಜಬೇಕು.