ಮಾವನವರಿಗೆ ಹಸಿರು ಬಣ್ಣ

(ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆ. ಭಾನುವಾರ ಬೆಳಗ್ಗೆ. ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಅದರ ಮೇಲೆ ನಾಲ್ಕು ಇಂಕ್ ಬಾಟಲಿ, ನಾಲ್ಕು ಸಿರಿಂಜು, ಎರಡು ಕಾರ್ಟ್ರಿಡ್ಜು, ಒಂದು ಭೂತಗನ್ನಡಿ ಇಟ್ಟಿದೆ. ಎದುರಿಗೆ ಹೈಸ್ಕೂಲಿನ ಗಣಿತದ ಮೇಷ್ಟ್ರು ಶೇಷಾದ್ರಿ. ಉಟ್ಟಿರುವುದು ಬಿಳೀ ಪಂಚೆ. ಈ ವಿವರ ಮುಂದೆ ಬೇಕಾಗುತ್ತದೆ. ಹೆಂಡತಿ ವನಜ ಸೌಟು ಹಿಡಿದೇ ಅಡುಗೆಮನೆಯಿಂದ ಬರುತ್ತಾಳೆ.)

ವನಜ: ಇದೇನ್ರೀ, ತಿಂಡಿ ಮೇಜಿನ ಮೇಲೆ ದನದ ಆಸ್ಪತ್ರೆ ತೆಗೆದಿದೀರ?

ಶೇಷಾದ್ರಿ: ಮೆತ್ತಗೆ ಮಾತಾಡು, ಕೈ ಅಲ್ಲಾಡತ್ತೆ. ನಿಮ್ಮಪ್ಪನ ಭೀಮರಥ ಶಾಂತಿ ಆಹ್ವಾನಪತ್ರಿಕೆ ಕೆಲಸಾನೇ ಇದು.

ವನಜ: ಪ್ರೆಸ್ಸಿಗೆ ಕೊಟ್ಟು ಬನ್ನಿ ಅಂತ ಗುರುವಾರವೇ ಹೇಳಿದ್ನಲ್ಲ?

ಶೇಷಾದ್ರಿ: ಅರವತ್ತು ಪತ್ರಿಕೆಗೆ ಎರಡು ಸಾವಿರ ಕೇಳಿದ. ಬೆಣ್ಣೆ ಕೈಲಿಟ್ಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ್ರಂತೆ. ಮನೇಲೇ ಪ್ರಿಂಟರ್ ಇರೋವಾಗ ಪ್ರೆಸ್ ಯಾಕೆ?

ವನಜ: ಆ ಬೆಣ್ಣೇಲಿ ಇಂಕಿಲ್ಲ ಅಂತ ದೀಪಾವಳಿಯಿಂದ ಅದಕ್ಕೆ ಟವಲ್ ಹೊದಿಸಿ ಮಲಗಿಸಿದೀರಲ್ಲ!

ಶೇಷಾದ್ರಿ: ಯಾಕೆ ಮಲಗಿಸಿದೆ? ಈ ಕಲರ್ ಕಾರ್ಟ್ರಿಡ್ಜು ಹೊಸದು ತಂದ್ರೆ ಒಂದು ಸಾವಿರ. ಒಳಗಿರೋ ಇಂಕು ಎಷ್ಟು? ಎಂಟು ಮಿಲಿಲೀಟರ್ ಅನ್ನು. ಲೀಟರಿಗೆ ಎಷ್ಟಾಯ್ತು?

ವನಜ: ಒಲೆ ಮೇಲೆ ಒಗ್ಗರಣೆ ಇದೆ, ಪ್ರಶ್ನೆ ಕೇಳ್ಬೇಡಿ.

ಶೇಷಾದ್ರಿ: ಒಂದೂಕಾಲು ಲಕ್ಷ! ಲೀಟರಿಗೆ ಒಂದೂಕಾಲು ಲಕ್ಷ ರೂಪಾಯಿ! ಈ ನಾಲ್ಕು ಬಾಟಲಿ, ಒಂದೊಂದರಲ್ಲಿ ನೂರು ಮಿಲಿ, ಸಿರಿಂಜು ಸಮೇತ ನಾನೂರೈವತ್ತು. ಪ್ರಿಂಟರ್ ಅಗ್ಗ ಇತ್ತು ಅಂತ ತಂದ್ವಿ ನೋಡು, ಅಲ್ಲೇ ಇರೋದು ಮಸಲತ್ತು. ಹಸು ಅಗ್ಗ, ಹಿಂಡಿ ದುಬಾರಿ. ಅದೂ ಹಿಂಡೀನ ಅವರ ಅಂಗಡೀಲೇ ತಗೋಬೇಕು.

ವನಜ: ಹೀಗೆಲ್ಲ ತುಂಬಿಸೋದು ತಪ್ಪಲ್ವೇನ್ರೀ?

ಶೇಷಾದ್ರಿ: ಅಮೆರಿಕದ ಸುಪ್ರೀಂ ಕೋರ್ಟೇ 2017ರಲ್ಲಿ ತೀರ್ಪು ಕೊಟ್ಟಿದೆ. ಲೆಕ್ಸ್‌ಮಾರ್ಕ್ ಕಂಪನಿ ಕೇಸು. ಒಂದು ಸಲ ಮಾರಿದ ಮೇಲೆ ಆ ಕಾರ್ಟ್ರಿಡ್ಜಿನ ಮೇಲೆ ಕಂಪನಿಗೆ ಪೇಟೆಂಟ್ ಹಕ್ಕು ಇರಲ್ಲ ಅಂತ.

ವನಜ: ಸಂತೋಷ. ಇಂಕು ಚೆಲ್ಲಿದ್ರೆ ನೆಲ ಒರೆಸೋಕೂ ಆ ಕೋರ್ಟಿನವರನ್ನೇ ಕರೀರಿ.

(ಮಗ ಕಿಟ್ಟಿ, ಎಂಜಿನಿಯರಿಂಗ್ ಎರಡನೇ ವರ್ಷ, ಆಕಳಿಸುತ್ತಾ ಬರುತ್ತಾನೆ.)

ಕಿಟ್ಟಿ: ಅಪ್ಪಾ, ಪೂರ್ತಿ ಖಾಲಿ ಆಗೋವರೆಗೂ ಓಡಿಸಿದ್ಯಾ ಇದನ್ನ?

ಶೇಷಾದ್ರಿ: ಇಲ್ಲಪ್ಪ, ಬಣ್ಣ ತೆಳುವಾದ ತಕ್ಷಣ ನಿಲ್ಲಿಸಿದೀನಿ. ಯಾಕೆ?

ಕಿಟ್ಟಿ: ಈ ಪ್ರಿಂಟರಿನ ತಲೆ ಕಾರ್ಟ್ರಿಡ್ಜಿನಲ್ಲೇ ಇರೋದು. ಕೂದಲಿಗಿಂತ ಸಣ್ಣ ತೂತು, ಪ್ರತಿ ತೂತಿಗೂ ಒಂದು ಪುಟಾಣಿ ಹೀಟರ್. ಅದು ಕಾದಾಗ ಇಂಕು ಕುದ್ದು ಗುಳ್ಳೆ ಏಳತ್ತೆ, ಆ ಗುಳ್ಳೆ ತೊಟ್ಟನ್ನ ಆಚೆ ದಬ್ಬತ್ತೆ. ಇಂಕೇ ಇಲ್ದೆ ಓಡಿಸಿದ್ರೆ ಹೀಟರ್ ಸುಟ್ಟು ಹೋಗತ್ತೆ.

ವನಜ: ಅಂದ್ರೆ ನೀರು ಹಾಕದೆ ಕುಕ್ಕರ್ ಇಟ್ಟ ಹಾಗೆ.

ಕಿಟ್ಟಿ: ಅದೇ ಅಮ್ಮ. 1977ರಲ್ಲಿ ಜಪಾನಿನ ಕ್ಯಾನನ್ ಲ್ಯಾಬಿನಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ ಅಕಸ್ಮಾತ್ ಇಂಕ್ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ಇಂಕು ಚಿಮ್ತಂತೆ. ಆ ಚಿಮ್ಮಿದ್ದೇ ಇವತ್ತಿನ ಪ್ರಿಂಟರ್.

ಶೇಷಾದ್ರಿ: ನೋಡಿದ್ಯಾ ವನಜಾ! ಪ್ರಿಂಟರ್ ಹುಟ್ಟಿದ್ದೇ ಸಿರಿಂಜಿನಿಂದ. ನಾನು ಮಾಡ್ತಿರೋದು ಅದರ ಕುಲಾಚಾರ.

(ಕಲರ್ ಕಾರ್ಟ್ರಿಡ್ಜಿನ ಮೇಲಿನ ಸ್ಟಿಕ್ಕರ್ ಕೀಳುತ್ತಾರೆ. ಕೆಳಗೆ ಮೂರು ತೂತು.)

ಕಿಟ್ಟಿ: ಯಾವ ತೂತಿಗೆ ಯಾವ ಬಣ್ಣ ಅಂತ ಗೊತ್ತಾ? ಹಲ್ಲುಕಡ್ಡಿ ಹಾಕಿ ತೆಗೆದು ನೋಡು, ತುದಿಗೆ ಅಂಟಿರತ್ತೆ.

ಶೇಷಾದ್ರಿ: ರಾತ್ರಿಯೇ ನೋಡಿ ನಕ್ಷೆ ಬರೆದಿಟ್ಟಿದೀನಿ ಕಣೋ. ಹಳದಿ ಒಂಟಿ. ಎಡಕ್ಕೆ ನೀಲಿ, ಬಲಕ್ಕೆ ಮಜೆಂಟಾ. ಇಪ್ಪತ್ತೆರಡು ವರ್ಷದಿಂದ ಜ್ಯಾಮಿತಿ ಹೇಳ್ತಿರೋನಿಗೆ ಮೂರು ಬಿಂದು ಗುರುತಿಸೋಕೆ ಬರಲ್ವಾ? (ಸೂಜಿ ಚುಚ್ಚಿ ಜೋರಾಗಿ ಒತ್ತುತ್ತಾರೆ. ಅದೇ ತೂತಿನಿಂದ ಗುಲಾಬಿ ಬಣ್ಣದ ಕಾರಂಜಿ ಎದ್ದು ಪಂಚೆಯ ಮೇಲೆ ಬೀಳುತ್ತದೆ.) ಅಯ್ಯೋ!

ವನಜ: ಪಂಚೆ! ರೀ, ಕಂಚಿ ಪಂಚೆ! ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕು ತಿಂಗಳಿದೆ!

ಕಿಟ್ಟಿ: ಹಾಗೆ ನೂಕಬಾರದು ಅಪ್ಪ. ಒಳಗಿರೋದು ಸ್ಪಂಜು. ನಿಧಾನವಾಗಿ ಬಿಡಬೇಕು, ಅದು ಹೀರ್ಕೋಬೇಕು.

ವನಜ: ಜಾಮೂನಿಗೆ ಪಾಕ ಬಿಟ್ಟ ಹಾಗೆ ಅಂತ ಹೇಳೋ, ಅರ್ಥ ಆಗ್ಲಿ. ತಿನ್ನೋಕೆ ಮಾತ್ರ ಗೊತ್ತು ಇವರಿಗೆ.

(ಅರ್ಧ ಗಂಟೆ ಕಳೆಯುತ್ತದೆ. ಮೇಷ್ಟ್ರ ಹತ್ತೂ ಬೆರಳು ಕಪ್ಪು, ನೀಲಿ, ಹಳದಿ. ಪಕ್ಕದ ಮನೆಯ ಪುಟ್ಟಸ್ವಾಮಿ ಪೇಪರ್ ಕೇಳಲು ಬರುತ್ತಾರೆ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆಯಿಂದ ನಿವೃತ್ತರು.)

ಪುಟ್ಟಸ್ವಾಮಿ: ಏನ್ ಮೇಷ್ಟ್ರೇ, ಹತ್ತೂ ಬೆರಳಿಗೆ ಹಾಕಿಸ್ಕೊಂಡ್ ಬಂದಿದೀರಲ್ಲ! ಯಾವ ಪಕ್ಸಕ್ಕೆ?

ವನಜ: ಪುಟ್ಟಸ್ವಾಮಣ್ಣ, ನೀವೇ ಹೇಳಿ. ಇಂಕಿನ ಕಾರ್ಖಾನೇಲಿ ಇದ್ದೋರು. ಇದು ಹೋಗತ್ತಾ?

ಪುಟ್ಟಸ್ವಾಮಿ: ಇದಾ? ಇದೇನ್ ಇಂಕು ಬಿಡಿ ತಾಯಿ. ಬಾಟ್ಲಿ ಮೇಲೆ ಡೈ ಇಂಕು ಅಂತ ಬರ್ದದಲ್ಲ, ನಾಲ್ಕು ಸಲ ಸೋಪು ಹಾಕಿದ್ರೆ ಕೈಯಿಂದ ಹೊಂಟೋಯ್ತದೆ. ನಮ್ದು ಇಂಕು ಅಂದ್ರೆ ಇಂಕು! 1962ರ ಎಲೆಕ್ಸನ್ನಿಂದ ಇಡೀ ದೇಸದ ಬೆರಳಿಗೆ ನಾವೇ ಹಾಕ್ತಿರೋದು. ಸಿಲ್ವರ್ ನೈಟ್ರೇಟು! ಬಿಸ್ಲು ಬಿದ್ದಂಗೂ ಕಪ್ಪಾಯ್ತದೆ, ಚರ್ಮಾನೇ ಸುಲೀಬೇಕು.

ವನಜ: ಮತ್ತೆ ಪಂಚೆಯಿಂದ?

ಪುಟ್ಟಸ್ವಾಮಿ: (ಪಂಚೆಯನ್ನು ಬಹಳ ಹೊತ್ತು ನೋಡಿ) ಪಂಚೆ ವಿಚಾರ ನಂಗೊತ್ತಿಲ್ಲ ತಾಯಿ. ಇವತ್ತಿನ್ ಪೇಪರ್ ಎಲ್ಲಿ?

ಶೇಷಾದ್ರಿ: (ಮೇಜಿನ ಕಡೆ ನೋಡಿ, ಮೆಲ್ಲಗೆ) ಹಳೇದು ಅಂದ್ಕೊಂಡು ಹಾಸಿಬಿಟ್ಟೆ.

(ಕಾರ್ಟ್ರಿಡ್ಜಿನ ಮೂತಿಯನ್ನು ಒದ್ದೆ ಟಿಶ್ಯೂ ಮೇಲೆ ಒತ್ತಿ, ತಾಮ್ರದ ಪಟ್ಟಿ ಒರೆಸಿ, ಪ್ರಿಂಟರಿನೊಳಗೆ ಕೂರಿಸುತ್ತಾರೆ. ಪ್ರಿಂಟರ್ ಕೆಂಪು ದೀಪ ಮಿಣುಕಿಸುತ್ತದೆ.)

ಶೇಷಾದ್ರಿ: ಇಂಕು ಖಾಲಿ ಅಂತಿದೆ! ಎರಡು ಸಿರಿಂಜು ಕುಡಿಸಿದೀನಿ, ಖಾಲಿಯಂತೆ!

ಕಿಟ್ಟಿ: ಅದು ಒಳಗೆ ಬಗ್ಗಿ ನೋಡಲ್ಲ ಅಪ್ಪ. ಎಷ್ಟು ತೊಟ್ಟು ಬಿಟ್ಟೆ ಅಂತ ಎಣಿಸಿಟ್ಟಿರತ್ತೆ. ಲೆಕ್ಕದ ಪ್ರಕಾರ ಖಾಲಿ.

ವನಜ: ಥೇಟ್ ನಮ್ಮಪ್ಪ. ಕೈಯಲ್ಲಿ ಕೊಟ್ರೂ ಪಾಸ್‌ಬುಕ್ಕಿನಲ್ಲಿ ಏರಿಸೋವರೆಗೂ ದುಡ್ಡು ಬಂತು ಅನ್ನಲ್ಲ.

ಕಿಟ್ಟಿ: ಆ ಬಟನ್ ಐದು ಸೆಕೆಂಡ್ ಒತ್ತಿ ಹಿಡಿ. ಲೆಕ್ಕ ಬಿಟ್ಟು ಸುಮ್ಮನಾಗತ್ತೆ.

ಪುಟ್ಟಸ್ವಾಮಿ: ಮೇಷ್ಟ್ರೇ, ಇಷ್ಟೆಲ್ಲ ಗೋಳು ಯಾಕೆ? ನಮ್ಮಳಿಯ ಟ್ಯಾಂಕಿಂದು ತಂದವ್ನೆ. ಬಾಟ್ಲಿ ಬಗ್ಗಿಸಿ ಸುರಿಯೋದು ಅಷ್ಟೆ. ಇದೂ ನಿಮ್ಮಂಥೋರಿಂದ್ಲೇ ಬಂದಿದ್ದಂತೆ. ಇಂಡೋನೇಷ್ಯಾದಲ್ಲಿ ಜನ ಪ್ರಿಂಟರ್‌ಗೆ ತೂತು ಕೊರೆದು, ಪೈಪು ಎಳೆದು, ಪಕ್ಕಕ್ಕೆ ಬಾಟ್ಲಿ ಕಟ್ಕೊಂಡ್ ಓಡಿಸ್ತಿದ್ರಂತೆ. ಕಡೆಗೆ ಎಪ್ಸನ್ನೋರು ಸೋತು, 2010ರಲ್ಲಿ ತಾವೇ ಟ್ಯಾಂಕು ಕೂರ್ಸಿ ಅಲ್ಲಿ ಮಾರಿದ್ರಂತೆ.

ಶೇಷಾದ್ರಿ: ಕೇಳಿದ್ಯಾ? ಜಿಪುಣರು ಕಂಪನಿಯನ್ನೇ ಬಗ್ಗಿಸಿದಾರೆ.

ವನಜ: ಅವರು ಪಂಚೆ ಉಟ್ಕೊಂಡು ಬಗ್ಗಿಸ್ಲಿಲ್ಲ.

(ಪ್ರಿಂಟರ್ ಗೊರಗೊರ ಸದ್ದು ಮಾಡಿ ಎರಡು ಸಲ ಕ್ಲೀನಿಂಗ್ ಮುಗಿಸುತ್ತದೆ. ಪ್ರತಿ ಸಲವೂ ಒಂದಿಷ್ಟು ಇಂಕು ಕುಡಿಯುತ್ತದೆ. ಮೇಷ್ಟ್ರು ಅದನ್ನು ಲೆಕ್ಕಕ್ಕೆ ಬರೆಯುವುದಿಲ್ಲ. ಮೊದಲ ಪತ್ರಿಕೆ ಹೊರಬರುತ್ತದೆ. ಎಲ್ಲರೂ ಬಗ್ಗಿ ನೋಡುತ್ತಾರೆ. ದೀರ್ಘ ಮೌನ.)

ವನಜ: ಇದು ಯಾರು?

ಶೇಷಾದ್ರಿ: ನಿಮ್ಮಪ್ಪ.

ವನಜ: ನಮ್ಮಪ್ಪ ಯಾವಾಗ್ರೀ ಹಸಿರಾದ್ರು?

ಪುಟ್ಟಸ್ವಾಮಿ: ಎಳೇ ಹಲಸಿನಕಾಯಿ ಇದ್ದಂಗವ್ರೆ.

ವನಜ: ಹಣೆ ಮೇಲೆ ಕುಂಕುಮ ಹಸಿರು! ಮೇಲೆ ಮಾವಿನ ತೋರಣ ಕೆಂಪು! ಬಾಳೆಕಂಬ ಉರೀತಾ ಇದೆ! ಇದೇನು ಶಾಂತಿಯೋ ಲಂಕಾದಹನವೋ?

ಶೇಷಾದ್ರಿ: ಇಂಕು ನಕಲಿ ಇರ್ಬೇಕು. ಅಂಗಡಿಯವನನ್ನ...

ವನಜ: (ಪತ್ರಿಕೆ ಕಿತ್ತುಕೊಂಡು) ನಿಲ್ಲಿ. ಅರಿಶಿನ ಅರಿಶಿನವಾಗೇ ಇದೆ. ಹಳದಿ ಸರಿಯಾಗಿದೆ ಅಂತಾಯ್ತು. ಕೆಂಪು ಇರೋ ಕಡೆ ಹಸಿರು, ಹಸಿರು ಇರೋ ಕಡೆ ಕೆಂಪು. ಕಿಟ್ಟಿ, ಹಳದಿ ಜೊತೆ ನೀಲಿ ಸೇರಿದ್ರೆ ಹಸಿರು ತಾನೇ? ಹಳದಿ ಜೊತೆ ಈ ಗುಲಾಬಿ ಸೇರಿದ್ರೆ?

ಕಿಟ್ಟಿ: ಕೆಂಪು.

ವನಜ: ನೀಲಿ ಗುಲಾಬಿ ಅದಲುಬದಲಾಗಿದೆ. ದಸರಾಗೆ ರಂಗೋಲಿ ಹಾಕೋಳಿಗೆ ಇಷ್ಟೂ ಗೊತ್ತಾಗಲ್ವಾ? ರೀ, ಎಡಕ್ಕೆ ನೀಲಿ ಅಂದ್ರಲ್ಲ, ಅದು ಯಾರ ಎಡ? ನಿಮ್ಮ ಎಡವೋ, ಕಾರ್ಟ್ರಿಡ್ಜಿನ ಎಡವೋ?

ಶೇಷಾದ್ರಿ: (ನಕ್ಷೆ ತಿರುಗಿಸಿ, ಮತ್ತೆ ತಿರುಗಿಸಿ) ರಾತ್ರಿ ನಾನು ಮೇಜಿನ ಆ ಕಡೆ ಕೂತಿದ್ದೆ.

ಪುಟ್ಟಸ್ವಾಮಿ: ಇಪ್ಪತ್ತೆರಡು ವರ್ಸದ ಜ್ಯಾಮಿತಿ.

ಶೇಷಾದ್ರಿ: ಆಯ್ತು, ಬಣ್ಣಾನೇ ಬೇಡ. ಕಪ್ಪು ಕಾರ್ಟ್ರಿಡ್ಜು ಚೆನ್ನಾಗಿದೆ. ಅಕ್ಷರ ಕಪ್ಪು, ಮಾವನವರ ಫೋಟೋನೂ ಕಪ್ಪು ಬಿಳುಪು. ಹಳೇ ಕಾಲದ ಗಾಂಭೀರ್ಯ ಬರತ್ತೆ.

ವನಜ: ಕಪ್ಪು ಅಕ್ಷರ, ಕಪ್ಪು ಫೋಟೋ, ಕೆಳಗೆ ನಿಮ್ಮ ಹೆಸರು. ಅದಕ್ಕೆ ವೈಕುಂಠ ಸಮಾರಾಧನೆ ಅಂತಾರೆ! ಎಪ್ಪತ್ತು ತುಂಬಿ ಗುಂಡುಕಲ್ಲಿನ ಹಾಗಿರೋ ನಮ್ಮಪ್ಪನಿಗೆ!

ಪುಟ್ಟಸ್ವಾಮಿ: ಬಿಡ್ತು ಅನ್ನಿ ತಾಯಿ, ಬಿಡ್ತು ಅನ್ನಿ.

ಶೇಷಾದ್ರಿ: ಹಾಗಾದ್ರೆ ಇಂಕೆಲ್ಲ ಹೀರಿ ತೆಗೆದು, ಡಿಸ್ಟಿಲ್ಡ್ ವಾಟರ್ ಹಾಕಿ ತೊಳೆದು, ಒಣಗಿಸಿ...

ಕಿಟ್ಟಿ: ಸ್ಪಂಜು ತೊಳೆದು ಮುಗಿಯೋ ಹೊತ್ತಿಗೆ ತಾತನಿಗೆ ಸಹಸ್ರಚಂದ್ರ ದರ್ಶನ ಆಗಿರತ್ತೆ. ಇರು. ಇಂಕು ಅದಲುಬದಲಾಗಿದ್ರೆ ಚಿತ್ರಾನೂ ಅದಲುಬದಲು ಮಾಡೋಣ. (ಲ್ಯಾಪ್‌ಟಾಪ್ ತೆರೆದು) ಇದರಲ್ಲಿ ಕೆಂಪು ಚಾನೆಲನ್ನ ಹಸಿರಿನ ಜಾಗಕ್ಕೆ, ಹಸಿರನ್ನ ಕೆಂಪಿನ ಜಾಗಕ್ಕೆ ಹಾಕಿದೆ. ನೋಡು, ಪರದೆ ಮೇಲೆ ತಾತ ಈಗ ಹಸಿರು. ಇದನ್ನ ತಪ್ಪು ತುಂಬಿಸಿದ ಪ್ರಿಂಟರ್‌ಗೆ ಕಳಿಸಿದ್ರೆ...

(ಪ್ರಿಂಟರ್ ಗೊರಗೊರ ಅನ್ನುತ್ತದೆ. ಪತ್ರಿಕೆ ಬರುತ್ತದೆ. ಮಾವನವರು ಗೋಧಿ ಬಣ್ಣ. ತೋರಣ ಹಸಿರು. ಕುಂಕುಮ ಕೆಂಪು.)

ಪುಟ್ಟಸ್ವಾಮಿ: ಅಬ್ಬಬ್ಬಾ! ತಪ್ಪಿಗೆ ತಪ್ಪು ಸೇರಿ ಸರಿಯಾಗೋಯ್ತಲ್ಲ!

ಶೇಷಾದ್ರಿ: (ಎದೆ ಉಬ್ಬಿಸಿ) ಋಣವನ್ನ ಋಣದಿಂದ ಗುಣಿಸಿದ್ರೆ ಧನ. ಎಂಟನೇ ಕ್ಲಾಸಿನಲ್ಲೇ ಹೇಳ್ಕೊಡ್ತೀನಿ.

ವನಜ: ಗುಣಿಸಿದ್ದು ನನ್ನ ಮಗ. ಇನ್ನು ಮೇಲೆ ಈ ಮನೇಲಿ ಏನು ಪ್ರಿಂಟ್ ಮಾಡ್ಬೇಕಾದ್ರೂ ಉಲ್ಟಾ ಮಾಡ್ಕೊಂಡೇ ಕೂರ್ಬೇಕು. ಆಗ್ಲಿ, ಅರವತ್ತೂ ಹೊಡೀರಿ. ಬಾಟಲಿ ಮುಚ್ಚಳ ನಾನು ಹಾಕ್ತೀನಿ, ನೀವು ಮುಟ್ಬೇಡಿ.

(ಮಧ್ಯಾಹ್ನ ಎರಡು ಗಂಟೆ. ಅರವತ್ತು ಪತ್ರಿಕೆ ಮೇಜಿನ ಮೇಲೆ ಒಣಗುತ್ತಿವೆ. ಎಲ್ಲರೂ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದಾರೆ. ಮೇಷ್ಟ್ರು ಮಾತ್ರ ಚಮಚದಲ್ಲಿ. ಕೈ ಇನ್ನೂ ನೀಲಿ.)

ವನಜ: ಕಿಟ್ಟಿ, ದೂರದವರಿಗೆಲ್ಲ ನಮ್ಮ ಕುಟುಂಬದ ಗ್ರೂಪಿಗೆ ಹಾಕ್ಬಿಡೋ. ಅಂಚೆ ಖರ್ಚಾದ್ರೂ ಉಳೀಲಿ.

ಕಿಟ್ಟಿ: ಆಗ್ಲೇ ಹಾಕಿ ಅರ್ಧ ಗಂಟೆ ಆಯ್ತು ಅಮ್ಮ.

ಶೇಷಾದ್ರಿ: (ಚಮಚ ಬಾಯಿ ಹತ್ತಿರ ನಿಲ್ಲಿಸಿ) ಯಾವ ಫೈಲ್ ಹಾಕಿದೆ?

ಕಿಟ್ಟಿ: ಪ್ರಿಂಟ್ ತೆಗೆದಿದ್ವಲ್ಲ, ಅದೇ... (ಮುಖ ಬಿಳಿಚುತ್ತದೆ.) ಅಪ್ಪಾ.

(ಫೋನು ಹೊಡೆದುಕೊಳ್ಳುತ್ತದೆ. ವನಜ ಪರದೆ ನೋಡಿ ಗಂಡನ ಮುಂದೆ ಹಿಡಿಯುತ್ತಾಳೆ. ಖಜಾನೆ ಇಲಾಖೆಯಲ್ಲಿ ಲೆಕ್ಕಾಧಿಕಾರಿಯಾಗಿ ನಿವೃತ್ತರಾದ ಮಾವನವರು.)

ಮಾವ: ಅಳಿಯಂದಿರೇ, ಪತ್ರಿಕೆ ನೋಡಿದೆ.

ಶೇಷಾದ್ರಿ: ಮಾವ, ಅದು ಏನಾಯ್ತು ಅಂದ್ರೆ, ಪೇಪರ್ ಮೇಲೆ ನೀವು ಸರಿಯಾಗೇ ಇದೀರ...

ಮಾವ: ನಾನು ಹಸಿರಾಗಿದೀನಿ ಅಂತ ಬೆಳಗಾವಿಯಿಂದ, ಶಿವಮೊಗ್ಗದಿಂದ ಎಲ್ಲ ಫೋನ್ ಬಂತು. ಕಾಮಾಲೆನಾ ಅಂತ ಕೇಳಿದ ನನ್ನ ಷಡ್ಡಕ. ಅದಿರ್ಲಿ. ಪ್ರೆಸ್ಸಿಗೆ ಎಷ್ಟು ಕೊಟ್ರಿ?

ಶೇಷಾದ್ರಿ: ಪ್ರೆಸ್ಸಿಗೆ ಕೊಡ್ಲಿಲ್ಲ ಮಾವ. ಮನೇಲೇ... ಕಾರ್ಟ್ರಿಡ್ಜಿಗೆ ನಾನೇ ಇಂಕು ತುಂಬಿಸಿ...

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನೀವೇ ತುಂಬಿಸಿದ್ರಾ? ಒಂದು ಪತ್ರಿಕೆಗೆ ಎಷ್ಟು ಬಿತ್ತು?

ಶೇಷಾದ್ರಿ: ಇಂಕು, ಕಾಗದ ಸೇರಿ ನಾಲ್ಕು ರೂಪಾಯಿ ಒಳಗೆ ಮಾವ.

ವನಜ: (ಫೋನಿನ ಹತ್ತಿರ ಬಂದು) ಅಪ್ಪಾ, ಪಂಚೆ ಸೇರಿಸಿದ್ರೆ ಇಪ್ಪತ್ತೈದು!

ಮಾವ: ಪಂಚೆ ಬೇರೆ ಖಾತೆ ವನಜಾ, ಅದನ್ನ ಇದಕ್ಕೆ ಸೇರಿಸ್ಬಾರದು. ಅಳಿಯಂದಿರೇ, ಆ ಸಿರಿಂಜು ಬಿಸಾಡ್ಬೇಡಿ, ತೊಳೆದು ಎತ್ತಿಡಿ. ನನ್ನ ಪ್ರಿಂಟರೂ ಆರು ತಿಂಗಳಿಂದ ಟವಲ್ ಹೊದ್ಕೊಂಡು ಮಲಗಿದೆ. ಬರೋ ಭಾನುವಾರ ಬನ್ನಿ.