ಪಂಪಿಗೊಂದು ಮೂಲೆ ಬಿಡದ ಮೇಸ್ತ್ರಿಗಳಿಗೆ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1890ರ ದಶಕದಲ್ಲಿ ನಮ್ಮ ಬೀದಿಯ ಸಾಲುಮನೆಗಳನ್ನು ಕಟ್ಟಿದ, ಹೆಸರು ದಾಖಲಾಗದ ಮೇಸ್ತ್ರಿಗಳ ಸನ್ನಿಧಿಗೆ,

ಆ ಸಾಲಿನ ನಡುವಿನ ಒಂದು ಮನೆಯಲ್ಲಿ ಈಗ ಸಾಲದ ಕಂತು ಕಟ್ಟಿಕೊಂಡಿರುವ, ಮೂಲತಃ ತುಮಕೂರು ಜಿಲ್ಲೆಯವನು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಕ್ಷೇಮಸಮಾಚಾರಕ್ಕೆ ಬರೆಯಿರಿ ಎನ್ನುವುದು ನಮ್ಮಲ್ಲಿ ವಾಡಿಕೆ. ತಾವು ಕಾಲವಾಗಿ ಬಹಳ ವರ್ಷಗಳಾಗಿರುವುದರಿಂದ ಆ ಒಂದು ಸಾಲನ್ನು ಕೈಬಿಟ್ಟಿದ್ದೇನೆ, ಅನ್ಯಥಾ ಭಾವಿಸಬಾರದು.

ವಿಷಯ: ಹೊರಗಿನ ಗಾಳಿಯಿಂದ ಬಿಸಿ ಎತ್ತುವ ಹೀಟ್ ಪಂಪಿಗೆ ತಾವು ಮನೆಯಲ್ಲಿ ಜಾಗ ಬಿಡದೆ ಹೋದ ಬಗ್ಗೆ.

ಮೇಸ್ತ್ರಿಗಳೇ, ಮನೆಮನೆಯ ಗ್ಯಾಸ್ ಬಾಯ್ಲರ್ ಇಳಿಸಿ ಹೀಟ್ ಪಂಪ್ ಹತ್ತಿಸಬೇಕೆಂದು ಈ ದೇಶದ ಸರ್ಕಾರ ಮನಸ್ಸು ಮಾಡಿದೆ. 2028ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಪಂಪು ಕೂರಿಸುತ್ತೇವೆಂದು 2020ರಲ್ಲಿ ಘೋಷಿಸಿತ್ತು. 2024ರಲ್ಲಿ ದೇಶದಾದ್ಯಂತ ಮಾರಾಟವಾದದ್ದು 1 ಲಕ್ಷದ ಆಸುಪಾಸು. ಉಳಿದವು ಎಲ್ಲಿ ಎಂದು ಕೇಳಿದರೆ ಎಲ್ಲರ ಬೆರಳೂ ನಿಮ್ಮ ಕಡೆಗೇ. ‘ಏನ್ಮಾಡೋದು, ಎಲ್ಲಾ ಹಳೇ ಮನೆಗಳು’ ಎಂದು ಬಾಯ್ಲರ್ ಮಾರುವವನು ಹೇಳುತ್ತಾನೆ. ಪಂಪು ಮಾರುವವನೂ ಅದನ್ನೇ ಹೇಳುತ್ತಾನೆ, ಆದರೆ ಅವನು ಹೇಳುವುದು ದರಪಟ್ಟಿ ಕೈಗಿಟ್ಟ ಮೇಲೆ. ಇವರಿಬ್ಬರೂ ಒಪ್ಪುವ ಮತ್ತೊಂದು ಸಂಗತಿ ನನಗಂತೂ ಸಿಕ್ಕಿಲ್ಲ. ಆದ್ದರಿಂದ ಆರೋಪಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಮೊದಲನೆಯದು, ಮುಂದಾಲೋಚನೆಯ ಕೊರತೆ. ಗ್ಲಾಸ್ಗೋದ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ಮಹಾಶಯರು, ಹೊರಗಿನ ತಣ್ಣನೆ ಗಾಳಿಯಿಂದಲೇ ಬಿಸಿ ಎತ್ತಿ ಕಟ್ಟಡ ಬೆಚ್ಚಗಿಡಬಹುದೆಂದು 1852ರಲ್ಲೇ ಲೆಕ್ಕ ಹಾಕಿ ಬರೆದಿದ್ದರು. ನೀವು ನಮ್ಮ ಮನೆಗೆ ಪಾಯ ತೋಡಿದ್ದು ಅದಾಗಿ ನಾಲ್ಕು ದಶಕದ ಮೇಲೆ. ವಿಜ್ಞಾನ ಪತ್ರಿಕೆ ಓದುವ ಅಭ್ಯಾಸ ಇಟ್ಟುಕೊಳ್ಳಬಾರದಿತ್ತೇ? ನಿಮ್ಮೊಬ್ಬರನ್ನೇ ಅಂದು ಫಲವಿಲ್ಲ, ನಿಮ್ಮ ನಂತರದವರೂ ಅಷ್ಟೇ. 1951ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲನ್ನು ಥೇಮ್ಸ್ ನದಿಯ ನೀರಿನ ಬಿಸಿಯಿಂದಲೇ ಕಾಯಿಸಿ, ಆಮೇಲೆ ಆ ಯಂತ್ರವನ್ನು ಕಳಚಿಟ್ಟು ಮತ್ತೆ ಬಾಯ್ಲರಿಗೇ ಶರಣಾದರು.

ಚಳಿಗಾಲದಲ್ಲಿ ನಮ್ಮಲ್ಲಿಗೆ ಬಂದಿದ್ದ ಅಮ್ಮನಿಗೂ ಕೆಲ್ವಿನ್ನರ ಮಾತು ಪಚನವಾಗಲಿಲ್ಲ. ‘ಹೊರಗೆ ನೀರು ಗಡ್ಡೆ ಕಟ್ತಿದೆ, ಅದರೊಳಗಿಂದ ಬಿಸಿ ತೆಗೀತಾರಂತಾ? ನಿಂಗ್ಯಾರೋ ಟೋಪಿ ಹಾಕ್ತಿದಾರೆ ಕಣೋ’ ಎಂದಳು. ಸೊನ್ನೆ ಡಿಗ್ರಿಯಲ್ಲಿ ಮುಗಿಯುವುದು ನೀರಿನ ಆಟ ಮಾತ್ರ, ಬಿಸಿಯ ಆಟ ಮುಗಿಯಬೇಕಾದರೆ ಮೈನಸ್ 273ಕ್ಕೆ ಇಳಿಯಬೇಕು ಎಂದು ವಿವರಿಸಿದೆ. ಪಂಪಿನ ಕೊಳವೆಯೊಳಗಿನ ದ್ರವ ಹೊರಗಿನ ಗಾಳಿಗಿಂತಲೂ ತಣ್ಣಗಿರುತ್ತದೆ, ಹಾಗಾಗಿ ಆ ಚಳಿಗಾಳಿಯಿಂದಲೇ ಬಿಸಿ ಹೀರಿ ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹಿಂಡಿದಾಗ ಅದು ಕಾಯುತ್ತದೆ, ಆ ಕಾವು ರೇಡಿಯೇಟರಿನ ನೀರಿಗೆ ದಾಟುತ್ತದೆ. ಒಂದು ಯೂನಿಟ್ ಕರೆಂಟು ಉರಿಸಿದರೆ ಸುಮಾರು ಮೂರು ಯೂನಿಟ್ ಬಿಸಿ ಕೈಗೆ ಬರುತ್ತದೆ. ಅಮ್ಮ ಎಲ್ಲ ಕೇಳಿಸಿಕೊಂಡು, ‘ಒಂದು ಕೊಟ್ರೆ ಮೂರು ಕೊಡ್ತೀವಿ ಅಂತ ನಮ್ಮೂರಲ್ಲೂ ಒಬ್ಬ ಚೀಟಿ ನಡೆಸ್ತಿದ್ದ’ ಎಂದಳು.

ಎರಡನೆಯ ಆರೋಪ ನಿಮ್ಮ ಗೋಡೆಯ ಮೇಲೆ. ಒಂಬತ್ತು ಇಂಚಿನ ಇಟ್ಟಿಗೆ, ಸುಣ್ಣದ ಗಾರೆ, ನಡುವೆ ಪೊಳ್ಳಿಲ್ಲ. ಮೊದಲನೇ ಮಹಾಯುದ್ಧದ ನಂತರದ ಮನೆಗಳಲ್ಲಿ ಎರಡು ಪದರದ ಗೋಡೆ ವಾಡಿಕೆಗೆ ಬಂತು, ನಡುವಿನ ಸಂದಿಗೆ ಹತ್ತಿಯಂಥದ್ದೇನಾದರೂ ತುಂಬಿಸಿದರೆ ಬಿಸಿ ನಿಲ್ಲುತ್ತದೆ. ನಿಮ್ಮ ಗೋಡೆಯಲ್ಲಿ ತುಂಬಿಸಲು ಸಂದಿಯೇ ಇಲ್ಲ. ಒಳಗಡೆಯಿಂದ ಹಲಗೆ ಹೊಡೆಸೋಣವೆಂದರೆ ಮೊದಲೇ ಕಿರಿದಾದ ನಡುಮನೆ ಇನ್ನಷ್ಟು ಕುಗ್ಗುತ್ತದೆ, ಸುಣ್ಣದ ಗೋಡೆಗೆ ಉಸಿರು ಕಟ್ಟಿ ಪಸೆ ಹಿಡಿಯುತ್ತದೆ. ಪಂಪಿನ ಕಂಪನಿಯಿಂದ ಸರ್ವೆಗೆ ಬಂದ ಹುಡುಗ ಗೋಡೆಯನ್ನು ಮುಟ್ಟಿಯೂ ನೋಡಲಿಲ್ಲ. ಟ್ಯಾಬಿನಲ್ಲಿ ‘ಗಟ್ಟಿ ಇಟ್ಟಿಗೆ, 1900ಕ್ಕೆ ಮುಂಚೆ’ ಎಂಬ ಸಾಲನ್ನು ಒತ್ತಿದ, ಜಾತಕ ಬಂತು. ಆ ಜಾತಕದ ವಿಚಾರವಾಗಿ ನಿಮಗೊಂದು ಸಮಾಧಾನದ ಸುದ್ದಿ ಇದೆ. ನಿಮ್ಮಂಥವರ ಗೋಡೆಯಿಂದ ಬಿಸಿ ಸೋರುವ ಪ್ರಮಾಣವನ್ನು ಸರ್ಕಾರಿ ಲೆಕ್ಕದಲ್ಲಿ ಬಹುಕಾಲ 2.1 ಎಂದು ಹಿಡಿಯುತ್ತಿದ್ದರು. ಯಾರೋ ಪುಣ್ಯಾತ್ಮರು ನಿಜವಾಗಿ ಮೀಟರು ಅಂಟಿಸಿ ಅಳೆದ ಮೇಲೆ ಅದನ್ನು 1.7ಕ್ಕೆ ಇಳಿಸಿದರು. ಕ್ಷಮಾಪಣೆ ಪತ್ರ ಮಾತ್ರ ಹೊರಟ ಹಾಗಿಲ್ಲ.

ಇನ್ನು ಹಿತ್ತಲು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆ ಬಂದ ಮೇಲೆ ಊರೂರಿನ ಪುರಸಭೆಗಳು ಮನೆಯ ಹಿಂದೆ ಇಷ್ಟು ಬಯಲು ಬಿಡಬೇಕೆಂದು ಉಪನಿಯಮ ಮಾಡಿದವು. ನೀವೂ ಬಿಟ್ಟಿರಿ, ಕಲ್ಲಿದ್ದಲಿಗೊಂದು ಗೂಡು, ಕಕ್ಕಸಿಗೊಂದು ಗೂಡು, ಬಟ್ಟೆ ಒಣಗಿಸಲು ನಾಲ್ಕು ಹೆಜ್ಜೆ. ಪಂಪು ಎಂಬುದು ಸೊಂಟದೆತ್ತರದ ಫ್ಯಾನಿನ ಪೆಟ್ಟಿಗೆ. ಅದರ ಯಾವ ಭಾಗವೂ ನೆರೆಯವರ ಗಡಿಯಿಂದ ಒಂದು ಮೀಟರಿನೊಳಗೆ ಇರಕೂಡದು, ಇದ್ದರೆ ಬೇರೆಯಾಗಿ ಪರವಾನಗಿ ತರಬೇಕು ಎಂದು ಇಂಗ್ಲೆಂಡಿನಲ್ಲಿ ನಿಯಮವಿತ್ತು. ನಿಮ್ಮ ಹಿತ್ತಲಿನ ಅಗಲ ನಾಲ್ಕು ಮೀಟರು ಚಿಲ್ಲರೆ. ಎಡಕ್ಕೊಂದು ಮೀಟರು, ಬಲಕ್ಕೊಂದು ಮೀಟರು, ಓಣಿಯ ಗೋಡೆಗೊಂದು ಮೀಟರು ಕಳೆದರೆ ಪಂಪು ಹಿತ್ತಲ ನಟ್ಟನಡುವೆ ತುಳಸಿಕಟ್ಟೆಯ ಹಾಗೆ ನಿಲ್ಲಬೇಕು. ಕಸದ ಡಬ್ಬಿ ಹೊರಗೆ ತಳ್ಳುವಾಗಲೆಲ್ಲ ಪ್ರದಕ್ಷಿಣೆ ಹಾಕಬೇಕು. 2025ರ ಮೇ 29ರಿಂದ ಆ ನಿಯಮ ಹೋಯಿತು, ಪಂಪು ಗೋಡೆಗೆ ಒರಗಬಹುದು. ಸದ್ದು ನೆರೆಮನೆಯ ಕಿಟಕಿಗೆ ಇಷ್ಟು ಡೆಸಿಬಲ್ ಮೀರಬಾರದೆಂಬುದು ಉಳಿದಿದೆ, ಅದು ನ್ಯಾಯವೇ.

ಒರಗಬಹುದು ಎಂದು ನಾನು ಹಿಗ್ಗಿದ್ದು ಸರ್ವೆ ಹುಡುಗ ಅಳತೆಪಟ್ಟಿ ತೆಗೆಯುವವರೆಗೆ. ಹಲವು ಹೊಸ ಪಂಪುಗಳಲ್ಲಿ ಓಡಾಡುವುದು ಪ್ರೋಪೇನ್, ಆರ್290 ಎಂಬ ಬಿರುದು. ಭೂಮಿಯ ಬಿಸಿ ಏರಿಸುವ ವಿಷಯದಲ್ಲಿ ಹಳೆಯ ಅನಿಲಗಳಿಗಿಂತ ಎಷ್ಟೋ ಸಾಧು, ಆದರೆ ಉರಿಯುವ ಜಾತಿ, ಗಾಳಿಗಿಂತ ಭಾರ. ಸೋರಿದರೆ ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಬಾಗಿಲಿನಿಂದ, ಕಿಟಕಿಯಿಂದ, ಮೋರಿಯ ಬಾಯಿಂದ, ನೆಲಮಾಳಿಗೆಯ ಗವಾಕ್ಷಿಯಿಂದ ದೂರವಿಡಬೇಕು. ನಿಮ್ಮ ಹಿತ್ತಲಲ್ಲಿ ಇರುವುದೇ ಬಾಗಿಲು, ಕಿಟಕಿ, ಮೋರಿ ಮತ್ತು ಗವಾಕ್ಷಿ! ಹುಡುಗ ಸೀಮೆಸುಣ್ಣದಲ್ಲಿ ಒಂದೊಂದರ ಸುತ್ತಲೂ ಅರೆವೃತ್ತ ಎಳೆಯುತ್ತ ಹೋದ. ವೃತ್ತಗಳ ಆಚೆ ಉಳಿದದ್ದು ಕಕ್ಕಸಿನ ಗೂಡಿನ ಪಕ್ಕದ ಒಂದು ಮೂಲೆ. ಮೆಟ್ಟಿಲ ಮೇಲೆ ಶಾಲು ಹೊದ್ದು ನಿಂತಿದ್ದ ಅಮ್ಮ, ‘ಅದು ಯಾವ ದಿಕ್ಕು?’ ಎಂದಳು. ಆಗ್ನೇಯ ಎಂದೆ. ‘ಹಾಗಿದ್ರೆ ಸರಿ, ಬೆಂಕಿ ಅಲ್ಲೇ ಇರ್ಬೇಕು’ ಎಂದು ಒಪ್ಪಿಗೆ ಕೊಟ್ಟು ಒಳಗೆ ಹೋದಳು. ಬ್ರಿಟಿಷ್ ಮಾನದಂಡವೂ ನಮ್ಮ ವಾಸ್ತುವೂ ಒಂದೇ ಮೂಲೆಯಲ್ಲಿ ಕೂಡಿದ್ದನ್ನು ಯಾರಾದರೂ ದಾಖಲಿಸಬೇಕಿತ್ತು.

ಒಳಗಿನ ಕಥೆಗೆ ನೀವು ಹೊಣೆಯಲ್ಲ, ಆದರೂ ಕೇಳಿ. ಈ ಮನೆಯಲ್ಲಿ ಹಿಂದೆ ಬಿಸಿನೀರಿನ ದೊಡ್ಡ ತಾಮ್ರದ ಹಂಡೆ ಇತ್ತಂತೆ, ಅದನ್ನಿಟ್ಟ ಬೀರು ಬೆಚ್ಚಗಿದ್ದು ಬಟ್ಟೆ ಒಣಗುತ್ತಿತ್ತಂತೆ. ‘ಕಾಂಬಿ’ ಬಾಯ್ಲರ್ ಬಂದಾಗ, ಹಂಡೆ ಯಾಕೆ, ನಲ್ಲಿ ತಿರುಗಿಸಿದರೆ ಬಿಸಿನೀರು ಎಂದು ಅದನ್ನು ಗುಜರಿಗೆ ಹಾಕಿ ಆ ಜಾಗದಲ್ಲಿ ಷವರ್ ಮಾಡಿಸಿದರು. ಈಗ ಪಂಪಿನವರು 200 ಲೀಟರಿನ ಹಂಡೆ ಬೇಕೇ ಬೇಕು, ಎಲ್ಲಿಡೋಣ ಎನ್ನುತ್ತಾರೆ. ರೇಡಿಯೇಟರಿನದೂ ಅದೇ ಗೋಳು. ಬಾಯ್ಲರ್ 70 ಡಿಗ್ರಿ ನೀರು ಕಳಿಸುತ್ತಿತ್ತು, ಪಂಪು 45ರಿಂದ 50 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ. ಕಡಿಮೆ ಕಾವಿಗೆ ಹೆಚ್ಚು ಮೈ ಬೇಕು, ಹಾಗಾಗಿ ಎಲ್ಲ ರೇಡಿಯೇಟರುಗಳೂ ದಪ್ಪಗಾಗಬೇಕು. ಸೋಫಾ ಎಲ್ಲಿಗೆ ಹೋಗಬೇಕೆಂದು ಯಾವ ಮಾನದಂಡವೂ ಹೇಳುವುದಿಲ್ಲ.

ಇಷ್ಟೆಲ್ಲ ಆರೋಪ ಓದಿ ಮುಗಿಸಿದ ಹುಡುಗ ಕೊನೆಗೆ ಲೆಕ್ಕದ ಹಾಳೆ ಕೊಟ್ಟ. ಮೇಸ್ತ್ರಿಗಳೇ, ಅಲ್ಲಿ ನಿಮ್ಮ ಮರ್ಯಾದೆ ಉಳಿಯಿತು. ಕೊರೆಯುವ ಚಳಿಯಲ್ಲೂ ಇಡೀ ಮನೆಗೆ ಬೇಕಾದ ಬಿಸಿ 6 ಕಿಲೋವಾಟ್ ಅಷ್ಟೇ. ಯಾಕೆಂದರೆ ನೀವು ಎರಡು ಗೋಡೆಗಳನ್ನು ಮಾತ್ರ ಚಳಿಗೆ ಒಡ್ಡಿದ್ದೀರಿ. ಉಳಿದೆರಡಕ್ಕೆ ನೆರೆಯವರು ಬೆನ್ನು ಕೊಟ್ಟು ಕೂತಿದ್ದಾರೆ. ಸುತ್ತ ತೋಟವಿರುವ ಒಂಟಿ ಬಂಗಲೆಗಿಂತ ನಿಮ್ಮ ಸಾಲುಮನೆ ಕಾಯಿಸುವುದು ಸುಲಭ. ಸರ್ಕಾರದ ಹಣದಲ್ಲೇ 742 ಮನೆಗಳಿಗೆ ಪಂಪು ಕೂರಿಸಿ ನೋಡಿದ ಪ್ರಯೋಗವೊಂದು ನಡೆದಿತ್ತು. ವಿಕ್ಟೋರಿಯಾ ಕಾಲದ ನಡುಸಾಲಿನ ಮನೆಗಳೂ ಅದರಲ್ಲಿದ್ದವು. ಪಂಪು ಒಗ್ಗದ ಮಾದರಿಯ ಮನೆಯೇ ಇಲ್ಲವೆಂದು ವರದಿ ಹೇಳಿತು. ನಮಗಿಂತ ಹೆಚ್ಚು ಹಿಮ ಕಾಣುವ ನಾರ್ವೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಹೀಟ್ ಪಂಪಿದೆ.

ಹಾಗಿದ್ದರೆ ಅಡ್ಡಿ ಎಲ್ಲಿ? ಹಾಳೆಯ ಹಿಂಬದಿಯಲ್ಲಿ. 2025ರ ಕೊನೆಯ ಮೂರು ತಿಂಗಳ ದರಮಿತಿಯಂತೆ ಕರೆಂಟು ಯೂನಿಟ್ಟಿಗೆ 26 ಪೆನ್ಸ್ ಚಿಲ್ಲರೆ, ಗ್ಯಾಸು 6 ಪೆನ್ಸ್ ಚಿಲ್ಲರೆ ಇತ್ತು. ಪಂಪು ಮೈಮುರಿದು ಒಂದನ್ನು ಮೂರು ಮಾಡುತ್ತದೆ, ಬಿಲ್ಲು ಕೂತಲ್ಲೇ ಒಂದನ್ನು ನಾಲ್ಕು ಮಾಡುತ್ತದೆ. ಈ ನಾಡಿನಲ್ಲಿ ಕರೆಂಟಿನ ಸಗಟು ಬೆಲೆಯನ್ನು ಬಹುಪಾಲು ಹೊತ್ತು ತೀರ್ಮಾನಿಸುವುದು ಗ್ಯಾಸಿನಿಂದ ನಡೆಯುವ ವಿದ್ಯುತ್ ಸ್ಥಾವರ. ಅದರ ಮೇಲೆ ಗಾಳಿಯಂತ್ರ, ಸೌರಫಲಕಗಳ ಪ್ರೋತ್ಸಾಹಕ್ಕೆಂದು ವರ್ಷಗಳಿಂದ ಏರಿಸಿದ ಹೇರಿಕೆಗಳನ್ನು ಹೊತ್ತಿದ್ದೂ ಹೆಚ್ಚಾಗಿ ಕರೆಂಟಿನ ಬಿಲ್ಲೇ. ಹೊಗೆ ಬಿಡುವ ಗ್ಯಾಸು ಹಗುರಾಗಿ ನಡೆದುಹೋಯಿತು. ಇತ್ತ ಪಂಪು ಹಾಕಿಸಿದರೆ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 7,500 ಪೌಂಡ್ ಸಹಾಯಧನ. 2023ರ ಅಕ್ಟೋಬರಿಗೆ ಮುಂಚೆ ಅದು 5,000 ಇತ್ತು. ಹೊಸಿಲಲ್ಲಿ ಹಾರ ಹಾಕಿ ಬರಮಾಡಿಕೊಂಡು ಊಟಕ್ಕೆ ಕೂತಾಗ ಎಲೆಗೆ ಕಾಸು ಕೇಳುವ ಬೀಗರು ಇವರು. ಆ ಹೇರಿಕೆಗಳಲ್ಲಿ ದೊಡ್ಡದೊಂದರ ಮುಕ್ಕಾಲು ಪಾಲನ್ನು 2026ರ ಏಪ್ರಿಲ್‌ನಿಂದ ಮನೆಗಳ ಬಿಲ್ಲಿನಿಂದ ಖಜಾನೆಗೆ ದಾಟಿಸುತ್ತೇವೆಂದು 2025ರ ನವೆಂಬರ್ ಬಜೆಟ್ಟಿನಲ್ಲಿ ಹೇಳಿದರು, ಅದೂ ಮೂರು ವರ್ಷದ ಮಟ್ಟಿಗೆ. ಪಂಪಿನ ಆಯುಸ್ಸು ಅದಕ್ಕಿಂತ ಎಷ್ಟೋ ಹೆಚ್ಚು.

ಗ್ಯಾಸ್ ಮೀಟರನ್ನೇ ಕೀಳಿಸಿದರೆ ದಿನದ ಬಾಡಿಗೆಯಾದರೂ ಉಳಿಯುತ್ತದೆ ಎಂದು ಹುಡುಗ ಸಲಹೆ ಕೊಟ್ಟ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಮನೆಯಲ್ಲಿ ಬದನೆಕಾಯಿ ಸುಟ್ಟು ಗೊಜ್ಜು ಮಾಡುವುದು ಆ ಉರಿಯಲ್ಲಿ. ಇಂಡಕ್ಷನ್ ಒಲೆಯ ಮೇಲೆ ಬದನೆಕಾಯಿ ಇಟ್ಟರೆ ಅದು ಸುಮ್ಮನೆ ಕೂತಿರುತ್ತದೆ. ಈ ಕಲಮಿನ ಮೇಲೆ ಮನೆಯವಳೊಂದಿಗೆ ಮಾತುಕತೆ ಇನ್ನೂ ನಡೆಯುತ್ತಿದೆ. ನೆಟ್ ಜೀರೋ ಎಂಬ, ಇಂಗಾಲದ ಲೆಕ್ಕವನ್ನು ಸೊನ್ನೆಗೆ ತರುವ ಸಂಕಲ್ಪಕ್ಕೆ ಒಂದು ಗೊಜ್ಜು ಅಡ್ಡ ಬಂದದ್ದನ್ನು ಯಾವ ಆಯೋಗವೂ ಪರಿಗಣಿಸಿದಂತಿಲ್ಲ.

ಆದ್ದರಿಂದ ಮೇಸ್ತ್ರಿಗಳೇ, ಹಿಂದಿನ ಆರೋಪಗಳನ್ನೆಲ್ಲ ವಾಪಸು ಪಡೆಯುತ್ತಿದ್ದೇನೆ, ಕೆಲ್ವಿನ್ನರದೊಂದು ಬಿಟ್ಟು. ಪಂಪಿಗೆ ಅರ್ಜಿ ಹಾಕಿದ್ದೇನೆ. ಹಂಡೆಗೆ ಅಟ್ಟದ ಮೆಟ್ಟಿಲ ಕೆಳಗೆ ಜಾಗ ಸಿಕ್ಕಿದೆ, ಸೋಫಾ ಮಾರಾಟಕ್ಕಿದೆ. ತಮ್ಮಿಂದ ಆಗಬೇಕಾದದ್ದು ಒಂದೇ ಉಪಕಾರ. ಹಿತ್ತಲ ಮೋರಿ ನೆಲದಡಿ ಯಾವ ಕಡೆ ತಿರುಗುತ್ತದೆಂದು ತಿಳಿಸಿ. ಪಂಪಿಗೆ ಕಾಂಕ್ರೀಟ್ ಕಟ್ಟೆ ಹಾಕುವವನು ಅಗೆಯುವ ಮುಂಚೆ ಕೇಳುತ್ತಿದ್ದಾನೆ. ನಕ್ಷೆ ಇಲ್ಲಿ ಯಾರ ಬಳಿಯೂ ಇಲ್ಲ.

ಇಂತಿ ತಮ್ಮ ವಿಧೇಯ,
ನಡುಸಾಲಿನ ನಿವಾಸಿ

ವಿ.ಸೂ.: ಇದೇ ಊರಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ, ಹಿತ್ತಲೆಂಬುದೇ ಇಲ್ಲದ ಮನೆಗಳನ್ನು 1937ರವರೆಗೂ ಕಟ್ಟುತ್ತಿದ್ದ ನಿಮ್ಮ ಕಸುಬಿನವರು ಅಲ್ಲೇ ಎಲ್ಲಾದರೂ ಕಂಡರೆ, ಅವರಿಗೆ ಬೇರೆ ಪತ್ರ ಬರುತ್ತಿದೆಯೆಂದು ಹೇಳಿ. ಅದು ಇಷ್ಟು ಮರ್ಯಾದೆಯಾಗಿ ಇರುವುದಿಲ್ಲ.