ಐದಕ್ಷರದ ಗ್ರಹಚಾರ

ನಾರಾಯಣಗೂಡದ ಮೇಲ್ಕೋಟೆ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವವರಿಗಿಂತ ನಿಂತವರೇ ಹೆಚ್ಚು. ಕೈಯಲ್ಲಿ ಫೋನು, ಹಣೆಯಲ್ಲಿ ಗಂಟು. ಸಕ್ಕರೆ ಕಾಯಿಲೆಗೆ ವಾಕಿಂಗು, ಮರೆವಿಗೆ ವರ್ಡಲ್! ಐದಕ್ಷರದ ಇಂಗ್ಲಿಷ್ ಪದ ಹುಡುಕಲು ಆರೇ ಅವಕಾಶ. ಹಸಿರು ಬಂದರೆ ಅಕ್ಷರವೂ ಸರಿ, ಜಾಗವೂ ಸರಿ. ಹಳದಿಯಾದರೆ ಅಕ್ಷರ ಉಂಟು, ಜಾಗ ಬೇರೆ. ಬೂದು ಬಂದವರು ವಾಕಿಂಗ್ ಮುಂದುವರಿಸುತ್ತಾರೆ.

ಜಾಶ್ ವಾರ್ಡಲ್ ತನ್ನ ಸಂಗಾತಿ ಪಲಕ್ ಶಾಗಾಗಿ ಕಟ್ಟಿದ ಆಟವಿದು. ಸುಮಾರು 12,000 ಪದಗಳನ್ನು ಜರಡಿ ಹಿಡಿದು 2,500ರಷ್ಟಕ್ಕೆ ಇಳಿಸಿದ್ದು ಆಕೆಯೇ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡಿತು. ನಾವು ಹೆಂಡತಿಗೆ ಕೊಡಿಸಿದ್ದನ್ನು ಯಾವ ಪತ್ರಿಕೆಯೂ ಕೊಳ್ಳುವುದಿಲ್ಲ.

ನಮ್ಮ ಬೀದರ್ ಮಾಮನಿಗೆ ಇದೆಲ್ಲ ಹುಡುಗಾಟ. ಅವರದು ಸ್ಕ್ರ್ಯಾಬಲ್. ಅಲ್ಲಿ ಕ್ಯೂ ಬಿಲ್ಲೆಗೆ 10 ಅಂಕವೇನೋ ಸರಿ, ಆದರೆ ಹೆಂಡತಿಯಿಲ್ಲದೆ ಮದುವೆಮನೆಗೆ ಹೋಗಲೊಲ್ಲದ ಗಂಡನಂತೆ ಅದು ಯು ಇಲ್ಲದೆ ಸುಲಭಕ್ಕೆ ಮಿಸುಕದು. ಮೊನ್ನೆ ಮಾಮ ಹೀಗೇ ಒದ್ದಾಡುತ್ತಿದ್ದಾಗ ಮೊಮ್ಮಗಳು ಕೈಚಾಚಿ ಅವರ ಬಿಲ್ಲೆಗಳಲ್ಲೇ ಜೋಡಿಸಿಬಿಟ್ಟಳು: ಕ್ಯೂ, ಎ, ಎನ್, ಎ, ಟಿ.

"ಕನಾತ್, ಮುತ್ಯಾ! ನೆಲದಡಿ ನೀರಿನ ಸುರಂಗ. ನಿಮ್ಮ ನೌಬಾದದಾಗ ಕರೇಜ್ ಅದ ಅಲ್ಲ, ಅದೇ."

ಬಹಮನಿ ಕಾಲದ ಆ ಸುರಂಗದ ಮೇಲೇ ಗೋಲಿಯಾಡಿ ಬೆಳೆದ ಮಾಮ ಕೆರಳಿದರು. "ನಮ್ಮೂರ ನೀರು ನನಗೇ ಹೇಳಾಕ ಬಂದೀ? ಕನಾತ್ ಗಿನಾತ್ ನಡೆಯಂಗಿಲ್ಲ. ಕರೇಜ್ ಅಂತೇ ಇಡ್ತೀನಿ, ಜೆಡ್ಡಿಗೂ 10 ಅದ!" ಎನ್ನುತ್ತ, ಸರದಿ ಯಾರದೆಂದೂ ನೋಡದೆ ಬಿಲ್ಲೆ ಚೀಲದೊಳಗೆ ಮೊಣಕೈವರೆಗೆ ಕೈಹಾಕಿದರು.